ಉಜ್ಜೋಕೆ ಮುಂಚೆ ಐದು ನಿಮಿಷ ನೊರೆ

ಕಳೆದ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಕಾರಿಗೆ ನೊರೆ ಹೊಡೆದು ಕೈಕಟ್ಟಿಕೊಂಡು ನಿಂತಿದ್ದೆ. ವಾಕಿಂಗ್ ಮುಗಿಸಿ ಬರುತ್ತಿದ್ದ ಎದುರುಮನೆ ಅಂಕಲ್ ಗೇಟಿನ ಹತ್ತಿರ ನಿಂತರು.

"ಏನಪ್ಪಾ, ಸೋಪು ಹಾಕಿ ಸುಮ್ನೆ ನಿಂತಿದೀಯಲ್ಲ, ಉಜ್ಜಲ್ವಾ?"

"ಐದು ನಿಮಿಷ ಬಿಡಬೇಕು ಅಂಕಲ್. ಮಣ್ಣು ತಾನಾಗೇ ಇಳಿಯುತ್ತೆ."

"ಅದಕ್ಕೆ ಇಷ್ಟೆಲ್ಲ ಬೇಕಾ? ಒಂದು ಬಕೆಟ್ ನೀರು, ಒಂದು ಬಟ್ಟೆ ಸಾಕಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಕೈಯಲ್ಲಿ ತೊಳೆಯುವುದು ಹೇಗೂ ಇದ್ದೇ ಇದೆ, ಮತ್ತೆ ಅದಕ್ಕೆ ಮುಂಚೆ ಈ ನೊರೆ ಯಾಕೆ? ಸುಮ್ನೆ ನೋಡೋಕೆ ಚೆನ್ನಾಗಿರುತ್ತೆ ಅಂತ ಮಾಡೋದಾ, ಅಥವಾ ನಿಜವಾಗಲೂ ಉಪಯೋಗ ಇದೆಯಾ? ಗೇಟಿನಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಮೂರ್ನಾಲ್ಕು ವರ್ಷದಿಂದ ಇದರ ಹಿಂದೆ ಬಿದ್ದಿದ್ದೇನೆ, ಹಾಗಾಗಿ ಇಲ್ಲಿ ಪೂರ್ತಿ ಬರೆಯುತ್ತೇನೆ. ಒಂದೇ ಮಾತಲ್ಲಿ ಬೇಕು ಅನ್ನುವವರಿಗೆ: ಮಣ್ಣಾದ ಕಾರಿಗೆ ನೊರೆ ಖಂಡಿತ ಬೇಕು, ಬರೀ ಧೂಳು ಕೂತ ಕಾರಿಗೆ ಬೇಡ.

ನನ್ನದು ಕಪ್ಪು ಕಾರು. ತಗೊಳ್ಳುವಾಗ ಮನೆಯಲ್ಲಿ ಎಲ್ಲರೂ ಬೇಡ ಅಂದಿದ್ದರು, ನನಗೆ ಆ ಬಣ್ಣ ತುಂಬಾ ಇಷ್ಟ. ಮೊದಲ ವರ್ಷ ಎಲ್ಲರ ಹಾಗೇ ತೊಳೆದೆ. ಒಂದು ಬಕೆಟ್, ಒಂದು ಹಳೇ ಬನಿಯನ್. ಅದ್ದುವುದು, ಉಜ್ಜುವುದು, ಮತ್ತೆ ಅದೇ ಬಕೆಟ್ಟಿಗೆ ಅದ್ದುವುದು. ಒಂದು ರಾತ್ರಿ ತುಮಕೂರು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ದೀಪದ ಕೆಳಗೆ ನಿಲ್ಲಿಸಿದಾಗ ಬಾನೆಟ್ ಮೇಲೆ ಜೇಡರ ಬಲೆ ಹಾಗೆ ಸಣ್ಣ ಸಣ್ಣ ಗೀರುಗಳು ಕಂಡವು. ದೀಪ ಎಲ್ಲೆಲ್ಲಿ ಹೊಳೆಯುತ್ತಿತ್ತೋ ಅಲ್ಲೆಲ್ಲ ಅದರ ಸುತ್ತ ಬಳೆ ಬಳೆಯಾಗಿ. ಕೈಯಾಡಿಸಿದರೆ ಏನೂ ಗೊತ್ತಾಗುವುದಿಲ್ಲ. ಯಾರೋ ಗೀಚಿ ಹೋದದ್ದಲ್ಲ ಅದು, ಒಂದು ವರ್ಷದ ಭಾನುವಾರಗಳಲ್ಲಿ ನಾನೇ ಉಜ್ಜಿ ಮಾಡಿದ್ದು. ಅವತ್ತು ನಿಜವಾಗಲೂ ಬೇಜಾರಾಯಿತು.

ಆಮೇಲೆ ಒಂದು ಡೀಟೇಲಿಂಗ್ ಅಂಗಡಿಗೆ, ಅಂದರೆ ಕಾರಿನ ಬಣ್ಣಕ್ಕೆ ಪಾಲಿಶ್ ಮಾಡಿಕೊಡುವ ಕಡೆ, ಹೋದೆ. ಅಲ್ಲಿಯವರು ಪಾಲಿಶ್ ಮಾಡುವ ಮುಂಚೆ ಬಾನೆಟ್ ಮೇಲೆ ಒಂದು ಸಣ್ಣ ಮೀಟರ್ ಇಟ್ಟು ತೋರಿಸಿದರು. 112 ಮೈಕ್ರಾನ್ ಅಂತ ಬಂತು (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಪ್ರೈಮರ್, ಬಣ್ಣ, ಅದರ ಮೇಲಿನ ಗಾಜಿನಂಥ ಕ್ಲಿಯರ್ ಕೋಟ್, ಎಲ್ಲಾ ಸೇರಿ ಅಷ್ಟೇ. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಮ್ಮ ತಲೆಕೂದಲು 70 ಮೈಕ್ರಾನ್ ಆಸುಪಾಸು ಇರುತ್ತದೆ, ಅಂದರೆ ಒಂದು ಕೂದಲಿಗಿಂತ ತೆಳು. ಕಾರಿನ ಹೊಳಪೆಲ್ಲ ಇರುವುದು ಆ ಪದರದಲ್ಲೇ. ಪಾಲಿಶ್ ಮಾಡಿದರೆ ಗೀರು ತುಂಬಿಕೊಳ್ಳುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಗೀರಿನ ಆಳಕ್ಕೆ ಬರುವವರೆಗೆ ಸುತ್ತಲಿನ ಪದರವನ್ನೇ ತೇಯುತ್ತಾರೆ. ಪ್ರತಿ ಸಲ ಒಂದಿಷ್ಟು ಹೋಗುತ್ತೆ, ಹೋದದ್ದು ವಾಪಸ್ ಬರುವುದಿಲ್ಲ. ಹಾಗಾಗಿ ಗೀರು ಬಿದ್ದ ಮೇಲೆ ತೆಗೆಯುವುದಕ್ಕಿಂತ ಬೀಳದ ಹಾಗೆ ನೋಡಿಕೊಳ್ಳುವುದೇ ವಾಸಿ ಅಂತ ಅಂಗಡಿಯಲ್ಲಿ ನಿಂತಲ್ಲೇ ತೀರ್ಮಾನ ಮಾಡಿದೆ.

ಗೀರು ಬೀಳುವುದು ಬಟ್ಟೆಯಿಂದಲ್ಲ, ಬಟ್ಟೆಯ ಕೆಳಗೆ ಸಿಕ್ಕಿಕೊಂಡ ಮರಳಿನಿಂದ. ರಸ್ತೆ ಧೂಳಿನಲ್ಲಿರುವ ಮರಳಿನ ಕಣ ಬಹುಪಾಲು ಕ್ವಾರ್ಟ್ಜ್. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಅದು 7, ಕಿಟಕಿ ಗಾಜು 5.5ರ ಹತ್ತಿರ. ಗಾಜನ್ನೇ ಗೀರುವ ವಸ್ತು ಅದು, ಇನ್ನು ಬಣ್ಣದ ಮೇಲೆ ಒತ್ತಿ ಎಳೆದರೆ ಏನಾಗುತ್ತೆ ಹೇಳಿ. ಆದ್ದರಿಂದ ಕೈ ತಾಗುವ ಮುಂಚೆ ಎಷ್ಟು ಮರಳು ಇಳಿಯುತ್ತೋ ಅಷ್ಟು ಲಾಭ. ನೊರೆಯ ಕೆಲಸ ಇಷ್ಟೇ. ಕಾರು ತೊಳೆಯುವುದು ಅದರ ಕೆಲಸವಲ್ಲ.

ಬರೀ ನೀರು ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತೆ, ಆದರೆ ಅರ್ಧಂಬರ್ಧ. ವ್ಯಾಕ್ಸ್ ಹಚ್ಚಿದ ಕಾರಿನ ಮೇಲೆ ನೀರು ಕೆಸುವಿನೆಲೆ ಮೇಲಿನ ಹನಿ ಹಾಗೆ ಉರುಳಿ ಹೋಗುತ್ತೆ, ಒಣಗಿ ಕೂತ ಮಣ್ಣಿನ ಒಳಗೆ ಇಳಿಯುವುದಿಲ್ಲ. ಬಾಗಿಲು ನೆಟ್ಟಗೆ ನಿಂತಿರುತ್ತಲ್ಲ, ಅಲ್ಲಂತೂ ಹಾಕಿದ ನೀರು ಎರಡು ಸೆಕೆಂಡೂ ನಿಲ್ಲಲ್ಲ. ಶಾಂಪೂ ಸೇರಿದ ನೀರು ಹನಿಗಟ್ಟದೆ ಹರಡಿಕೊಂಡು ಮಣ್ಣಿನ ಕೆಳಕ್ಕೆ ನುಸುಳುತ್ತೆ, ಎಣ್ಣೆ ಜಿಡ್ಡನ್ನು ಸಡಿಲ ಮಾಡುತ್ತೆ. ಆ ಶಾಂಪೂ ನೀರನ್ನು ಬಾಗಿಲ ಮೇಲೆ ನಾಲ್ಕೈದು ನಿಮಿಷ ಹಿಡಿದು ನಿಲ್ಲಿಸುವುದು ನೊರೆ. ತಳ ಹಿಡಿದ ಪಾತ್ರೆಗೆ ನೀರು ತುಂಬಿಸಿ ರಾತ್ರಿಯೆಲ್ಲ ಬಿಡುತ್ತೇವಲ್ಲ, ಅದೇ ಲೆಕ್ಕ. ಕಾರನ್ನು ನೀರಲ್ಲಿ ಮುಳುಗಿಸಿಡೋಕೆ ಆಗಲ್ಲ, ಅದಕ್ಕೇ ನೊರೆ.

ಇದನ್ನೆಲ್ಲ ಓದಿ ತಿಳಿದುಕೊಂಡಿದ್ದರೂ ನನಗೆ ಕಣ್ಣಾರೆ ನೋಡಬೇಕಿತ್ತು. ನಮ್ಮೂರು ತೀರ್ಥಹಳ್ಳಿ ಹತ್ತಿರ. ಒಂದು ಜುಲೈಯಲ್ಲಿ ಊರಿಗೆ ಹೋಗಿ ಬಂದಾಗ ಕಾರಿನ ಕೆಳಭಾಗ ಪೂರ್ತಿ ಕೆಂಪಾಗಿತ್ತು. ಮಂಡಗದ್ದೆ ದಾಟಿ ನಮ್ಮೂರ ಕಡೆ ತಿರುಗಿದ ಮೇಲೆ ಮಣ್ಣು ರಸ್ತೆ, ಅದರ ಮೇಲೆ ಮಳೆ, ಚಕ್ರದಿಂದ ಎರಚಿದ ಕೆಸರು ಬಾಗಿಲ ಅರ್ಧದವರೆಗೂ ಒಣಗಿ ಹೊಪ್ಪಳೆ ಕಟ್ಟಿತ್ತು. ಇದಕ್ಕಿಂತ ಒಳ್ಳೇ ಸಂದರ್ಭ ಸಿಗಲ್ಲ ಅನ್ನಿಸಿತು. ಎಡಗಡೆಗೆ ನೊರೆ ಹೊಡೆದು ಐದು ನಿಮಿಷ ಬಿಟ್ಟು ಪ್ರೆಶರ್ ವಾಷರ್‌ನಲ್ಲಿ, ಅಂದರೆ ನೀರನ್ನು ಜೋರಾಗಿ ಚಿಮ್ಮಿಸುವ ಮೆಷಿನ್ನಿನಲ್ಲಿ, ಎರಡು ನಿಮಿಷ ನೀರು ಹಾಯಿಸಿದೆ. ಬಲಗಡೆಗೆ ನೊರೆ ಇಲ್ಲ, ಬರೀ ನೀರು, ಅದೇ ಎರಡು ನಿಮಿಷ, ಅಷ್ಟೇ ದೂರದಿಂದ. ಆಮೇಲೆ ಎರಡು ಬಿಳಿ ಪೇಂಟ್ ಬಕೆಟ್ಟಿನಲ್ಲಿ ಶುದ್ಧ ನೀರು ಇಟ್ಟು, ಎರಡು ಕಡೆಗೂ ಬೇರೆ ಬೇರೆ ವಾಷ್ ಮಿಟ್ ತಗೊಂಡು ತೊಳೆದೆ. ಮಿಟ್ ಅಂದರೆ ಕೈಗೆ ಹಾಕಿಕೊಳ್ಳುವ ಮೈಕ್ರೋಫೈಬರ್ ಚೀಲ.

ನೊರೆ ಹೊಡೆದ ಕಡೆ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ, ಬಾಗಿಲು ಬೆಳ್ಳಗೆ ಇರುತ್ತದೆ. ಆಮೇಲೆ ಹಿಡಿಕೆಯ ಕೆಳಗಿನಿಂದ ಒಂದು ಕೆಂಪು ಗೆರೆ ಶುರುವಾಗುತ್ತೆ. ಅದರ ಪಕ್ಕ ಇನ್ನೊಂದು. ನೊರೆ ನಿಧಾನ ಜಾರುತ್ತಾ ಜಾರುತ್ತಾ ಗೆರೆಗಳು ದಪ್ಪ ಆಗುತ್ತವೆ. ಮೂರನೇ ನಿಮಿಷಕ್ಕೆ ಬಾಗಿಲ ಕೆಳಗಿನ ಅಂಚಿನಲ್ಲಿ ತೊಟ್ಟಿಕ್ಕುವ ನೊರೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ. ಕೆಳಗೆ ಸಿಮೆಂಟ್ ನೆಲದ ಮೇಲೆ ಬಿದ್ದದ್ದನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಕರಕರ ಅಂತು. ನಾನು ಬನಿಯನ್ನಿನಲ್ಲಿ ಒರೆಸುತ್ತಿದ್ದ ಕಾಲದಲ್ಲಿ ಆ ಕರಕರ ಬಣ್ಣದ ಮೇಲೆ ಓಡಾಡುತ್ತಿತ್ತು.

ಬಕೆಟ್‌ಗಳ ವಿಷಯಕ್ಕೆ ಬರುತ್ತೇನೆ. ನೊರೆ ಕಡೆಯ ಬಕೆಟ್ಟಿನಲ್ಲಿ ನೀರು ಸ್ವಲ್ಪ ಮಬ್ಬಾಗಿತ್ತು, ತಳದಲ್ಲಿ ಅಲ್ಲೊಂದು ಇಲ್ಲೊಂದು ಕಣ. ಬರೀ ನೀರು ಹಾಕಿದ ಕಡೆಯ ಬಕೆಟ್ಟಿನ ನೀರು ಹಾಲು ಕಮ್ಮಿ ಹಾಕಿದ ಚಹಾ ಬಣ್ಣ, ತಳದಲ್ಲಿ ಒಂದು ಚಿಟಿಕೆ ಮರಳು. ಚಿಟಿಕೆ ಅಂದರೆ ನಿಜವಾಗಲೂ ಎರಡು ಬೆರಳಲ್ಲಿ ಎತ್ತಬಹುದಾದಷ್ಟು. ಇದು ಬಾಗಿಲಿನ ಕೆಳಭಾಗ, ಹಿಂದಿನ ಚಕ್ರದ ಸುತ್ತ, ಬಂಪರ್ ಇವುಗಳಿಂದ ಬಂದದ್ದು. ಬಾನೆಟ್ ಮತ್ತು ಟಾಪ್ ತೊಳೆದಾಗ ಮಾತ್ರ ಎರಡು ಕಡೆಗೂ ವ್ಯತ್ಯಾಸ ಕಾಣಲೇ ಇಲ್ಲ. ಅಲ್ಲಿ ಇದ್ದದ್ದು ಬರೀ ತೆಳು ಧೂಳು, ನೀರಿಗೇ ಹೋಗಿತ್ತು.

ಇನ್ನೊಂದು ವಿಷಯವೂ ಅವತ್ತೇ ಗೊತ್ತಾಯಿತು. ನೊರೆ ತೊಳೆದ ಮೇಲೆ ಕಾರು ದೂರದಿಂದ ಫಳಫಳ ಕಾಣುತ್ತಿತ್ತು. ಒದ್ದೆ ಹತ್ತಿಯಲ್ಲಿ ಬಾಗಿಲ ಒಂದು ಮೂಲೆ ಮುಟ್ಟಿದರೆ ಹತ್ತಿ ಬೂದು ಬಣ್ಣ. ಡೀಸೆಲ್ ಹೊಗೆ, ಟಯರ್ ಸವೆದ ಪುಡಿ, ಎಣ್ಣೆ ಎಲ್ಲ ಸೇರಿ ರಸ್ತೆಯ ಒಂದು ತೆಳು ಜಿಡ್ಡು ಹಿಡಿದಿರುತ್ತೆ, ಅದು ನೊರೆಗೆ ಬಿಡುವುದಿಲ್ಲ. ಕೈ ಹಾಕಲೇಬೇಕು. ಹೆದ್ದಾರಿಯಲ್ಲಿ ರಾತ್ರಿ ಬಂಪರ್‌ಗೆ ಬಡಿದ ಹುಳ, ಒಣಗಿದ ಹಕ್ಕಿ ಹಿಕ್ಕೆ, ಡಾಂಬರು ಚುಕ್ಕೆ, ಇವೂ ಹೋಗಲ್ಲ. ಹಿಕ್ಕೆ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟು ಮೆತ್ತಗೆ ಎತ್ತಿಕೊಳ್ಳಬೇಕು. ಉಗುರಿನಲ್ಲಿ ಕೆರೆಯಬೇಡಿ.

ನೊರೆ ದಪ್ಪ ಇದ್ದಷ್ಟೂ ಒಳ್ಳೇದು ಅನ್ನುವ ನಂಬಿಕೆ ನನಗೂ ಇತ್ತು. ವಿಡಿಯೋಗಳಲ್ಲಿ ಕಾರು ಮೊಸರಲ್ಲಿ ಮುಳುಗಿದ ಹಾಗೆ ಕಾಣುತ್ತಲ್ಲ, ಹಾಗೆ ಬರಲಿಲ್ಲ ಅಂತ ಶಾಂಪೂ ಜಾಸ್ತಿ ಜಾಸ್ತಿ ಸುರಿಯುತ್ತಿದ್ದೆ. ತುಂಬಾ ದಪ್ಪ ನೊರೆಯಲ್ಲಿ ಗಾಳಿ ಜಾಸ್ತಿ, ನೀರು ಕಮ್ಮಿ. ಹಾಗೇ ಕೂತುಬಿಡುತ್ತೆ, ಮಣ್ಣನ್ನು ಎಳೆದುಕೊಂಡು ಇಳಿಯುವುದಿಲ್ಲ. ಸ್ವಲ್ಪ ನೀರಾಗಿರುವ, ನಿಧಾನ ಜಾರುವ ನೊರೆಯೇ ಕೆಲಸ ಮಾಡುವುದು. ಲೆಕ್ಕ ಹೀಗಿದೆ: ಒಂದು ಲೀಟರ್ ಬಾಟಲಿಗೆ 50 ಎಂ.ಎಲ್ ಶಾಂಪೂ ಹಾಕಿದರೆ ಬಾಟಲಿಯಲ್ಲಿ ನೂರಕ್ಕೆ 5 ಪಾಲು. ವಾಷರ್‌ಗೆ ಸಿಕ್ಕಿಸುವ ಫೋಮ್ ಗನ್ ಅದನ್ನು ಮತ್ತೆ ಹತ್ತು ಪಟ್ಟು ನೀರಿಗೆ ಬೆರೆಸುತ್ತೆ ಅಂದುಕೊಂಡರೂ ಕಾರಿನ ಮೇಲೆ ಬೀಳುವುದು ನೂರಕ್ಕೆ ಅರ್ಧ ಪಾಲು ಮಾತ್ರ. ನೊರೆ ಹೊಡೆದೂ ಏನೂ ಇಳಿಯಲಿಲ್ಲ ಅನ್ನುವವರು ಒಂದು ಸಲ ಈ ಲೆಕ್ಕ ನೋಡಿಕೊಳ್ಳಬೇಕು. ನಾನು ಈಗ ಮಣ್ಣು ಜಾಸ್ತಿ ಇದ್ದಾಗ 100 ಎಂ.ಎಲ್ ಹಾಕುತ್ತೇನೆ, ಇಲ್ಲದಿದ್ದರೆ 50.

ಬೋರ್‌ವೆಲ್ ನೀರಿನ ಮನೆಗಳಲ್ಲಿ ನೊರೆ ಕಮ್ಮಿ ಬರುತ್ತೆ, ಅದಕ್ಕೆ ಗನ್ನನ್ನು ಬೈಯಬೇಡಿ. ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ದರೆ ಹಾಗಾಗುತ್ತೆ. ಆ ನೀರು ಒಣಗಿದರೆ ಬಿಳಿ ಚುಕ್ಕೆ ಬೇರೆ. ಊರಲ್ಲಿ ಸೂರಿನ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟು ಅದರಲ್ಲೇ ತೊಳೆದಿದ್ದೇನೆ, ಅಷ್ಟೇ ಶಾಂಪೂಗೆ ನೊರೆ ಎರಡರಷ್ಟು ಬಂದ ಹಾಗೆ ಅನ್ನಿಸಿತು, ಚುಕ್ಕೆಯೂ ಇಲ್ಲ.

ಶಾಂಪೂ ಅಂದರೆ ಕಾರಿನದೇ ಆಗಬೇಕು. ಬಟ್ಟೆ ಒಗೆಯುವ ಪುಡಿ ಬೇಡ. ಅದು ವ್ಯಾಕ್ಸನ್ನು ಕಿತ್ತು ಹಾಕುತ್ತೆ, ರಬ್ಬರ್ ಬೀಡಿಂಗ್ ಒಣಗಿಸುತ್ತೆ. ಇನ್ನು ಬಿಸಿಲು. ಬಾನೆಟ್ ಮೇಲೆ ಹಿಂಗೈ ಇಟ್ಟು ನೋಡಿ, ಬಿಸಿ ಅನ್ನಿಸಿದರೆ ಅವತ್ತು ನೊರೆ ಹೊಡೆಯಬೇಡಿ. ನೊರೆ ಬಣ್ಣದ ಮೇಲೆ ಒಣಗಿದರೆ ಕಲೆ ಕೂರುತ್ತೆ, ಮಾಡಿದ ಕೆಲಸ ಹಾಳು. ನಾನು ಏಳಕ್ಕೆ ಶುರು ಮಾಡುವುದು ಅದಕ್ಕೇ.

ಈಗ ನೀರಿನ ಮಾತು. ಬೆಂಗಳೂರಿನಲ್ಲಿ ಕೂತು ಇದನ್ನು ಬಿಟ್ಟು ಬರೆದರೆ ತಪ್ಪಾಗುತ್ತೆ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿತು. ಸಿಕ್ಕಿಬಿದ್ದರೆ 5000 ರೂಪಾಯಿ ದಂಡ. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. 2024ರ ಆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಟ್ಯಾಂಕರ್‌ಗೆ ಜನ ಕಾಯುತ್ತಿದ್ದರು. ಪಕ್ಕದ ಮನೆಯವರು ಕೊಡ ಹಿಡಿದು ನಿಂತಿರುವಾಗ ನಾನು ಕಾರಿಗೆ ನೀರು ಹಾಯಿಸುವುದು ಹೇಗೆ? ದಂಡದ ಮಾತು ಆಮೇಲೆ, ಮೊದಲು ಮನಸ್ಸೇ ಒಪ್ಪಲಿಲ್ಲ. ವಾಷರ್ ಎತ್ತಿ ಅಟ್ಟಕ್ಕೆ ಹಾಕಿದೆ.

ಆಗಲೇ ಒಂದು ಸಲ ಲೆಕ್ಕ ಹಾಕಿದ್ದು. ನನ್ನ ವಾಷರ್ ನಿಮಿಷಕ್ಕೆ 5.5 ಲೀಟರ್ ಕುಡಿಯುತ್ತದೆ. ಮೊದಲ ನೀರು, ನೊರೆ, ನೊರೆ ತೊಳೆಯುವುದು, ಕೊನೆಯ ನೀರು ಎಲ್ಲಾ ಸೇರಿ ಎಂಟು ನಿಮಿಷ ಓಡಿದರೆ 44 ಲೀಟರ್. ಎರಡು ಬಕೆಟ್ ಸೇರಿಸಿದರೆ 75 ಲೀಟರ್ ಹತ್ತಿರ. ಪೈಪ್ ಬಿಟ್ಟು ತೊಳೆಯುವವರು ಇದಕ್ಕಿಂತ ಜಾಸ್ತಿ ಸುರಿಯುತ್ತಾರೆ. ನಮ್ಮನೆ ಪೈಪಿನಲ್ಲಿ 15 ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬುತ್ತೆ, ಹತ್ತು ನಿಮಿಷ ಬಿಟ್ಟರೆ 150 ಲೀಟರ್. ಆದರೂ ಬರಗಾಲದಲ್ಲಿ 75 ಲೀಟರ್ ಕಮ್ಮಿ ಏನಲ್ಲ.

ಹಾಗಾಗಿ ರಿನ್ಸ್‌ಲೆಸ್ ವಾಷ್ ಕಲಿತೆ. ತೊಳೆದ ಮೇಲೆ ನೀರು ಹಾಕಬೇಕಾಗಿಲ್ಲದ ದ್ರಾವಣ ಅದು. ನಾನು ಬಳಸುವುದು ಆಪ್ಟಿಮಮ್ ನೋ ರಿನ್ಸ್, ಒಂದು ಪಾಲಿಗೆ 256 ಪಾಲು ನೀರು, ಅಂದರೆ 10 ಲೀಟರ್ ಬಕೆಟ್ಟಿಗೆ ಸುಮಾರು 40 ಎಂ.ಎಲ್. ಇದಕ್ಕೆ ನೊರೆಯೇ ಬರುವುದಿಲ್ಲ. ಮೊದಲ ಸಲ ನನಗೆ ಇದೆಲ್ಲಿ ಕೆಲಸ ಮಾಡುತ್ತೆ ಅನ್ನಿಸಿತ್ತು. ಇದೇ ದ್ರಾವಣವನ್ನು ಗಿಡಕ್ಕೆ ಔಷಧಿ ಹೊಡೆಯುವಂಥ ಕೈಪಂಪಿನ ಬಾಟಲಿಗೆ ತುಂಬಿ ಕಾರಿಗೆಲ್ಲ ಸಿಂಪಡಿಸಿ ಎರಡು ಮೂರು ನಿಮಿಷ ಬಿಡಬೇಕು. ಧೂಳು ನೆನೆದು ಮೆತ್ತಗಾಗುತ್ತೆ. ಆಮೇಲೆ ಬಕೆಟ್ಟಿನಲ್ಲಿ ಅದ್ದಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತದೆ ಒಂದೇ ದಿಕ್ಕಿಗೆ ಎಳೆಯಬೇಕು, ಪ್ರತಿ ಭಾಗಕ್ಕೂ ಬಟ್ಟೆಯ ಹೊಸ ಮಗ್ಗುಲು. ಒಟ್ಟು ನೀರು 12 ಲೀಟರ್. ವಾರಕ್ಕೊಮ್ಮೆ ಹೀಗೆ ಮಾಡಿ ಎರಡು ತಿಂಗಳ ಮೇಲೆ ಟಾರ್ಚ್ ಹಿಡಿದು ಬಾನೆಟ್ ನೋಡಿದೆ. ಹೊಸ ಗೀರು ಕಾಣಲಿಲ್ಲ.

ನೊರೆ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದ್ದು ಆಗ. ಬೇಕಾಗಿರುವುದು ಮೊದಲು ನೆನೆಸುವುದು, ನೆನೆಯಲು ಸಮಯ ಕೊಡುವುದು. ತೆಳು ಧೂಳಿಗೆ ಸಿಂಪಡಿಸಿದ ದ್ರಾವಣ ಸಾಕು. ಮರಳು ಸೇರಿದ ದಪ್ಪ ಕೆಸರಿಗೆ ಮಾತ್ರ ನೊರೆಯೂ ಬೇಕು, ಅದನ್ನು ಹೊಡೆದು ಇಳಿಸಲು ಜೋರು ನೀರೂ ಬೇಕು. ಕೆಸರು ಹಿಡಿದ ಕಾರಿಗೆ ರಿನ್ಸ್‌ಲೆಸ್ ಬಟ್ಟೆ ಹಾಕಿದರೆ ಮತ್ತೆ ಅದೇ ಬನಿಯನ್ ಕತೆ. ನಾನು ಈಗ ನೊರೆ ಹೊಡೆಯುವುದು ಮಳೆಗಾಲದಲ್ಲಿ, ಊರಿಗೆ ಹೋಗಿ ಬಂದಾಗ ಮಾತ್ರ, ವರ್ಷಕ್ಕೆ ಏಳೆಂಟು ಸಲ ಅಷ್ಟೇ. ಆಗ ಬಳಸುವುದು ಮನೆಯ ಮಳೆನೀರಿನ ತೊಟ್ಟಿಯ ನೀರು.

ಆಯುಧಪೂಜೆ ಮರುದಿನದ ಬಗ್ಗೆ ಒಂದು ಮಾತು. ವಿಭೂತಿ, ಕುಂಕುಮ, ಅರಿಶಿನ ಬಾನೆಟ್ ಮೇಲೆ ಒಣಗಿ ಕೂತಿರುತ್ತೆ, ಎಷ್ಟೋ ಜನ ಒಣಬಟ್ಟೆಯಲ್ಲೇ ಒರೆಸಿಬಿಡುತ್ತಾರೆ. ದಯವಿಟ್ಟು ಮೊದಲು ನೆನೆಸಿ. ಅರಿಶಿನದ ಹಳದಿ ಸ್ವಲ್ಪ ಉಳಿದರೂ ಪರವಾಗಿಲ್ಲ, ಬಿಸಿಲಿಗೆ ತಾನಾಗೇ ಮಾಸುತ್ತೆ. ಬಾಳೆಕಂದು ಕಟ್ಟಿದ ಕಡೆ ರಸ ಇಳಿದಿದ್ದರೆ ಅವತ್ತೇ ತೊಳೆಯಿರಿ, ಆ ಕಲೆ ಹಟಮಾರಿ.

ವಾಟರ್ ಸರ್ವಿಸ್‌ಗೆ ಕೊಡುವವರು ಒಂದು ವಿಷಯ ಗಮನಿಸಿ. ಈಗ ಎಲ್ಲ ಕಡೆ 'ಫೋಮ್ ವಾಷ್' ಅಂತ ಬೋರ್ಡ್ ಇದೆ. ನಾನು ಒಂದು ಕಡೆ ಕೊಟ್ಟಾಗ ಹುಡುಗ ಚೆನ್ನಾಗಿಯೇ ನೊರೆ ಹೊಡೆದ. ನೊರೆ ಬಿದ್ದ ಕೂಡಲೇ, ಅರ್ಧ ನಿಮಿಷವೂ ಬಿಡದೆ, ನೆಲದಲ್ಲಿ ಬಿದ್ದಿದ್ದ ಸ್ಪಾಂಜ್ ಎತ್ತಿ ಉಜ್ಜಲು ಶುರು ಮಾಡಿದ. ಕೆಳಗಿನಿಂದ ಮೇಲಕ್ಕೆ. ಚಕ್ರ ಉಜ್ಜಿದ ಸ್ಪಾಂಜೇ ಬಾಗಿಲಿಗೆ. ಹಾಗೆ ಮಾಡಿದರೆ ನೊರೆಗೆ ಕೊಟ್ಟ ದುಡ್ಡು ನೀರುಪಾಲು. ನೀವು ಅಲ್ಲೇ ನಿಂತು "ತಮ್ಮಾ, ಐದು ನಿಮಿಷ ಬಿಡು, ನೀರು ಹೊಡಿ, ಆಮೇಲೆ ಮೇಲಿಂದ ಉಜ್ಜು" ಅಂತ ಹೇಳಿ. ಬಟ್ಟೆ ನಿಮ್ಮದೇ ಕೊಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಪಾರ್ಟ್‌ಮೆಂಟ್‌ನವರಿಗೆ ವಾಷರ್ ಬಳಸಲು ಬಿಡುವುದೇ ಇಲ್ಲ, ಬೆಳಗ್ಗೆ ಬಂದು ಕಾರು ಒರೆಸುವವರೇ ಗತಿ. ನಮ್ಮ ಅಕ್ಕನ ಮನೆಯಲ್ಲೂ ಹಾಗೇ. ಬೆಳಗಾಗುವ ಮುಂಚೆ ಮೂವತ್ತು ಕಾರು ಒರೆಸಬೇಕಾದ ಮನುಷ್ಯನಿಗೆ ಒಂದೇ ಬಕೆಟ್, ಒಂದೇ ಬಟ್ಟೆ, ಅವರ ತಪ್ಪೇನಿದೆ ಅದರಲ್ಲಿ? ಅಕ್ಕನಿಗೆ ಒಂದು ಕೈಪಂಪಿನ ಬಾಟಲಿ, ಒಂದು ಬಾಟಲಿ ರಿನ್ಸ್‌ಲೆಸ್, ಆರು ಮೈಕ್ರೋಫೈಬರ್ ಬಟ್ಟೆ ತೆಗೆದುಕೊಟ್ಟೆ. ದಿನಾ ಒರೆಸುವುದು ಬೇಡಣ್ಣ, ವಾರಕ್ಕೆ ಎರಡೇ ದಿನ ಸಾಕು, ಮೊದಲು ಇದನ್ನು ಸಿಂಪಡಿಸಿ, ತಿಂಗಳ ದುಡ್ಡು ಅಷ್ಟೇ ಕೊಡುತ್ತೇವೆ ಅಂತ ಅವರಿಗೆ ಹೇಳಿದೆವು. ಅವರಿಗೂ ಅನುಕೂಲ ಆಯಿತು. ಈಗ ಇನ್ನಿಬ್ಬರ ಕಾರಿಗೂ ಅದೇ ಬಾಟಲಿ ತರಿಸಿಕೊಂಡಿದ್ದಾರೆ.

ಹೊಸದಾಗಿ ಶುರು ಮಾಡುವವರು ವಾಷರ್, ಫೋಮ್ ಗನ್ ಅಂತ ಒಂದೇ ಸಲ ಖರ್ಚು ಮಾಡಬೇಡಿ. ಮೊದಲು ಒಳ್ಳೇ ವಾಷ್ ಮಿಟ್ ಎರಡು, ಬಕೆಟ್ ಎರಡು, ಕೈಪಂಪಿನ ಬಾಟಲಿ ಒಂದು. ನೊರೆ ಬರುವ ಮೂತಿ ಇರುವ ಕೈಪಂಪುಗಳೂ ಸಿಗುತ್ತವೆ, ಅದರಲ್ಲಿ ಬಾಗಿಲ ಕೆಳಭಾಗಕ್ಕೂ ಬಂಪರ್‌ಗೂ ಮಾತ್ರ ಹೊಡೆದರೆ ಒಂದೂವರೆ ಲೀಟರಿನಲ್ಲಿ ಕೆಲಸ ಆಗುತ್ತೆ. ಟಾಪ್‌ಗೂ ಗಾಜಿಗೂ ನೊರೆ ಹೊಡೆದು ಏನೂ ಬರುವುದಿಲ್ಲ ಅಂತ ನನ್ನ ಬಕೆಟ್ಟೇ ಹೇಳಿತಲ್ಲ. ವಾಷರ್ ಇದ್ದವರು ಅಗಲಕ್ಕೆ ಬೀಸುವ ಮೂತಿಯನ್ನೇ ಹಾಕಿ, ಒಂದಡಿಗಿಂತ ಹತ್ತಿರ ಹಿಡಿಯಬೇಡಿ. ಬಣ್ಣ ಎಲ್ಲಾದರೂ ಚಕ್ಕೆ ಎದ್ದಿದ್ದರೆ ಜೋರು ನೀರು ಅಲ್ಲಿಂದಲೇ ಕಿತ್ತು ತೆಗೆಯುತ್ತೆ.

ಅಂಕಲ್ ಅವತ್ತು ನೊರೆ ಇಳಿಯುವ ತನಕ ನಿಂತು ನೋಡಿದರು. ನೆಲದಲ್ಲಿ ಬಿದ್ದ ಕೆಂಪು ಕೆಸರನ್ನು ಚಪ್ಪಲಿ ತುದಿಯಲ್ಲಿ ತೋರಿಸಿ "ಇಷ್ಟೆಲ್ಲಾ ಇತ್ತಾ ಅದರ ಮೇಲೆ?" ಅಂದರು. ಅವರದು ಹನ್ನೆರಡು ವರ್ಷದ ಬಿಳಿ ಕಾರು, ಗೀರಿದ್ದರೂ ಅಷ್ಟಾಗಿ ಕಾಣುವುದಿಲ್ಲ. ಈ ಶನಿವಾರ ಬೆಳಗ್ಗೆ ತರುತ್ತೇನೆ ಅಂದಿದ್ದಾರೆ. ಬರೀ ಧೂಳು ಕೂತಿದ್ದರೆ ಕೈಪಂಪಿನಲ್ಲೇ ಮುಗಿಸುತ್ತೇನೆ.